ಮುಯ್ಯಿ ಕವರಿನಿಂದ ಶುರುವಾದ ಸಹಿ ಸಂಗ್ರಹ

ನಮ್ಮ ಮನೆಯಲ್ಲಿ ಮುಯ್ಯಿ ಅಂದರೆ 51, 101 ಅಥವಾ 501. ಆ ಕೊನೆಯ ಒಂದು ರೂಪಾಯಿಗೆಂದೇ ಅಮ್ಮ ಬೀರುವಿನಲ್ಲಿ ಹಳೆಯ ನೋಟುಗಳ ಕಟ್ಟು ಇಟ್ಟಿದ್ದರು. ಒಂದು ಮದುವೆಗೆ ಹೊರಡುವಾಗ ಅದರಿಂದ ಒಂದನ್ನು ತೆಗೆದೆ. ಸುಮ್ನೆ ಸಹಿ ನೋಡಿದೆ. ಮನಮೋಹನ್ ಸಿಂಗ್! ಆ ನೋಟು ಕವರಿಗೆ ಹೋಗಲೇ ಇಲ್ಲ.

ಅವರು ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದರು, ಅದಕ್ಕೇ ಸಹಿ ಇರಬೇಕು ಅಂದುಕೊಂಡೆ. ತಪ್ಪು. ಒಂದು ರೂಪಾಯಿ ನೋಟು ರಿಸರ್ವ್ ಬ್ಯಾಂಕಿನದ್ದಲ್ಲ, ಭಾರತ ಸರ್ಕಾರದ್ದು. ಅದಕ್ಕೆ ಸಹಿ ಹಾಕುವವರು ಹಣಕಾಸು ಸಚಿವಾಲಯದ ಕಾರ್ಯದರ್ಶಿ. ‘ಇಷ್ಟು ರೂಪಾಯಿ ಕೊಡುತ್ತೇನೆ’ ಎಂಬ ಗವರ್ನರ್ ಮಾತು ಅದರ ಮೇಲೆ ಇರುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ಅದು ನಾಣ್ಯದ ಸಾಲಿಗೇ ಸೇರುತ್ತದೆ. ಹಾಗಾಗಿ ನನ್ನ ನೋಟು ಅವರು ಕಾರ್ಯದರ್ಶಿಯಾಗಿದ್ದ 1976–80ರ ಕಾಲದ್ದು. ಗವರ್ನರ್ ಆದದ್ದು ಆಮೇಲೆ, 1982ರಲ್ಲಿ.

ಹಾಗಾದರೆ ಗವರ್ನರ್ ಆಗಿ ಹಾಕಿದ ಸಹಿಯೂ ಬೇಕಲ್ವಾ? ಅವೆನ್ಯೂ ರಸ್ತೆಯ ಕಡೆ ಹಳೆಯ ನೋಟು ಮಾರುವವರ ಬಳಿ ಹುಡುಕಿದೆ. ಸಿಕ್ಕಿದ್ದು 2 ರೂಪಾಯಿ ನೋಟು, ಹಿಂಬದಿಯಲ್ಲಿ ಆರ್ಯಭಟ ಉಪಗ್ರಹ. ನಮ್ಮ ಪೀಣ್ಯದಲ್ಲಿ ತಯಾರಾದ ಉಪಗ್ರಹ! ಎರಡು ನೋಟನ್ನೂ ಪಕ್ಕಪಕ್ಕ ಇಟ್ಟಾಗ ಆದ ಖುಷಿ ಹೇಳತೀರದು. ಅವತ್ತೇ ನಿರ್ಧರಿಸಿದೆ: ಒಂದೇ ವ್ಯಕ್ತಿ ಎರಡು ಹುದ್ದೆಯಲ್ಲಿ ಹಾಕಿದ ಸಹಿಗಳನ್ನು ಜೋಡಿಯಾಗಿ ಸೇರಿಸಬೇಕು.

ಇಂಥ ಜೋಡಿಗಳು ಎಷ್ಟೋ ಇವೆ. ಆರ್.ಎನ್. ಮಲ್ಹೋತ್ರಾ, ಎಸ್. ವೆಂಕಿಟರಮಣನ್, ಬಿಮಲ್ ಜಲಾನ್. ಹೊಸಬರಿಗೆ ಶಕ್ತಿಕಾಂತ ದಾಸ್ ಜೋಡಿ ಹೇಳುತ್ತೇನೆ. 2017ರ ಒಂದು ರೂಪಾಯಿ ನೋಟಿನ ಮೇಲೆ ಅವರ ಸಹಿ ಇದೆ. ಗವರ್ನರ್ ಆಗಿ ಹಾಕಿದ್ದು ನಿಮ್ಮ ಜೇಬಿನಲ್ಲೇ ಇರಬಹುದು. ಒಂದು ರೂಪಾಯಿ ನೋಟಿನ ಮುದ್ರಣ 1994ರಲ್ಲಿ ನಿಂತು, 2015ರಲ್ಲಿ ಆಗಿನ ಕಾರ್ಯದರ್ಶಿ ರಾಜೀವ್ ಮೆಹರ್ಷಿ ಸಹಿಯೊಂದಿಗೆ ಮತ್ತೆ ಶುರುವಾಯಿತು.

ನನಗೆ ತುಂಬಾ ಇಷ್ಟವಾದದ್ದು ಐ.ಜಿ. ಪಟೇಲ್ ಅವರದ್ದು. ಗಾಂಧೀಜಿ ಜನ್ಮಶತಮಾನೋತ್ಸವದ ಒಂದು ರೂಪಾಯಿ ನೋಟಿಗೆ ಸಹಿ ಹಾಕಿದವರು ಅವರು. ಮುಂದೆ 1978ರಲ್ಲಿ 1000, 5000, 10000 ರೂಪಾಯಿ ನೋಟುಗಳು ರದ್ದಾದಾಗ ಗವರ್ನರ್ ಕೂಡ ಅವರೇ. ಅದೇ ಶತಮಾನೋತ್ಸವದ 2, 5, 10, 100ರ ನೋಟುಗಳ ಮೇಲೆ ಆಗ ಗವರ್ನರ್ ಆಗಿದ್ದ ಎಲ್.ಕೆ. ಝಾ ಅಥವಾ ಬಿ.ಎನ್. ಅದಾರ್ಕರ್ ಸಹಿ ಸಿಗುತ್ತದೆ.

ಮೋಸವನ್ನೂ ಹೋಗಿದ್ದೇನೆ. ಒಬ್ಬ ವ್ಯಾಪಾರಿ ‘ಹೊಚ್ಚ ಹೊಸದು’ ಎಂದು ಕೊಟ್ಟ ನೋಟು ತೊಳೆದು ಇಸ್ತ್ರಿ ಮಾಡಿದ್ದಾಗಿತ್ತು. ಈಗ ನೋಟನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತೇನೆ. ಇಸ್ತ್ರಿ ಮಾಡಿದರೂ ಮಡಿಕೆಯ ಗೆರೆ ಪೂರ್ತಿ ಹೋಗುವುದಿಲ್ಲ. ತೊಳೆದ ಕಾಗದ ಬೆರಳಿಗೆ ಸತ್ತಂತೆ ಅನಿಸುತ್ತದೆ, ಗರಿಗರಿ ಇರುವುದಿಲ್ಲ. ಪಿನ್ ತೂತು ಇದ್ದರೆ ಹೆದರಬೇಡಿ. ಆಗ ಬ್ಯಾಂಕಿನವರು ಕಟ್ಟುಗಳಿಗೆ ಪಿನ್ ಹೊಡೆಯುತ್ತಿದ್ದರು. ಅಂಥದ್ದಕ್ಕೆ ಬೆಲೆ ಮಾತ್ರ ಕಡಿಮೆ ಕೊಡಿ. ಟೇಪ್ ಅಂಟಿಸಿದ್ದನ್ನು ನಾನು ಮುಟ್ಟುವುದಿಲ್ಲ.

ನನ್ನ ಮೊದಲ ಆಲ್ಬಮ್ ಅಗ್ಗದ ಪಿವಿಸಿ ಪ್ಲಾಸ್ಟಿಕ್‌ನದು. ಬೇಸಿಗೆಯಲ್ಲಿ ಹಾಳೆ ಅಂಟಂಟಾಗಿ ಮೂರು ನೋಟು ಹಾಳಾದವು. ಪಾಲಿಯೆಸ್ಟರ್ ಕವರಿಗೆ ಸ್ವಲ್ಪ ಜಾಸ್ತಿ ದುಡ್ಡಾದರೂ ಅದನ್ನೇ ತಗೊಳ್ಳಿ.

ಇನ್ನೊಂದು ಮಾತು. ‘ಈ ನೋಟಿಗೆ ಲಕ್ಷ ರೂಪಾಯಿ’ ಎನ್ನುವ ಜಾಹೀರಾತು ನಂಬಿ ಯಾರೂ ಮುಂಗಡ ಕಟ್ಟಬೇಡಿ. ಮನಮೋಹನ್ ಸಿಂಗ್ ಸಹಿಯ ಒಂದು ರೂಪಾಯಿ ನೋಟು ಅಪರೂಪದ್ದೇನಲ್ಲ, ಸುಲಭವಾಗಿ ಸಿಗುತ್ತದೆ.

ಸದ್ಯ ಹುಡುಕುತ್ತಿರುವುದು 1949ರ ಅಶೋಕ ಸ್ತಂಭದ ಒಂದು ರೂಪಾಯಿ, ಕೆ.ಆರ್.ಕೆ. ಮೆನನ್ ಸಹಿಯದ್ದು. ಸ್ವತಂತ್ರ ಭಾರತದ ಮೊದಲ ನೋಟು ಅದು. ಎರಡು ಸಲ ಕಣ್ಣಿಗೆ ಬಿದ್ದಿದೆ. ಎರಡೂ ಸಲ ಟೇಪ್ ಇತ್ತು.