ಗುರುತು ಹಿಡಿಯುವವರಿಗಾಗಿ ಒಂದು ಫೋಟೋ

ಕಂಡ ಗಿಡ, ಹುಳು, ಪ್ರಾಣಿಗಳನ್ನು ದಾಖಲಿಸುವ ಆ್ಯಪಿಗೆ ಹಾಕುವ ಫೋಟೋ ಚಂದ ಇರಲೇಬೇಕು ಅಂತೇನೂ ಇಲ್ಲ. ಕೆಲಸಕ್ಕೆ ಬಂದರೆ ಸಾಕು. ಹಿನ್ನೆಲೆ ಮಸುಕಾಗಿ, ಹೂವಿನ ಮೇಲೆ ಚಿಟ್ಟೆ ಹೊಳೆಯುತ್ತಿರುವ ಚಿತ್ರ ಕಣ್ಣಿಗೆ ಹಬ್ಬ, ನಿಜ. ಆದರೆ ಅದರಲ್ಲಿ ಹಿಂದಿನ ರೆಕ್ಕೆಯೇ ಕಾಣದಿದ್ದರೆ, ಅದು ಯಾವ ಚಿಟ್ಟೆ ಅಂತ ಹೇಳಬೇಕಾದವರು ಕೈಚೆಲ್ಲುತ್ತಾರೆ. ಅರ್ಧ ಮಬ್ಬಾಗಿದ್ದರೂ ರೆಕ್ಕೆಯ ಚುಕ್ಕೆ ಎಣಿಸಲು ಬರುವ ಫೋಟೋ ಇದ್ದರೆ ಅವರಿಗೆ ಅದೇ ಸಾಕು.

ನಾನು ಜಾಸ್ತಿ ಬಳಸುವುದು ಐನ್ಯಾಚುರಲಿಸ್ಟ್. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಮೂವರು ವಿದ್ಯಾರ್ಥಿಗಳು ಸ್ನಾತಕೋತ್ತರ ಪದವಿಯ ಪ್ರಾಜೆಕ್ಟ್ ಅಂತ ಶುರು ಮಾಡಿದ್ದು ಅದು. ಗಿಡ, ಹುಳು, ಹಾವು, ಅಣಬೆ, ಏನನ್ನು ಬೇಕಾದರೂ ಹಾಕಬಹುದು. ಹಕ್ಕಿಗಳಿಗೆ ಮಾತ್ರ ಇಬರ್ಡ್ ಬಳಸುತ್ತೇನೆ. ಎರಡರ ಲೆಕ್ಕಾಚಾರವೇ ಬೇರೆ. ಇಬರ್ಡ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ಐನ್ಯಾಚುರಲಿಸ್ಟಿನಲ್ಲಿ ನೀವು ಫೋಟೋ ಅಥವಾ ಧ್ವನಿ, ದಿನಾಂಕ, ಜಾಗ, ಇಷ್ಟು ಕೊಡುತ್ತೀರಿ. ಜೀವಿ ಕಾಡಿನದ್ದೋ ಸಾಕಿದ್ದೋ ಅಂತಲೂ ಹೇಳಬೇಕು. ಕುಂಡದಲ್ಲಿ ನೆಟ್ಟ ಗುಲಾಬಿ 'ಕ್ಯಾಶುಯಲ್' ಪಟ್ಟಿಗೆ ಹೋಗುತ್ತದೆ. ಆದರೆ ಅದೇ ಗುಲಾಬಿಯ ಎಲೆ ತಿನ್ನುತ್ತಿರುವ ಹುಳು ಸ್ವಂತ ಇಷ್ಟದಿಂದ ಬಂದದ್ದು, ಅದು ಲೆಕ್ಕಕ್ಕೆ ಸೇರುತ್ತದೆ. ಆಮೇಲೆ ಬೇರೆಯವರು ನೋಡಿ ಹೆಸರು ಹೇಳುತ್ತಾರೆ. ನಿಮ್ಮನ್ನೂ ಸೇರಿಸಿ ಕನಿಷ್ಠ ಇಬ್ಬರು ಹೇಳಿರಬೇಕು. ಹೇಳಿದವರಲ್ಲಿ ಮೂರನೇ ಎರಡು ಪಾಲಿಗಿಂತ ಜಾಸ್ತಿ ಮಂದಿ ಒಂದೇ ಪ್ರಭೇದಕ್ಕೆ ಒಪ್ಪಿದರೆ ಅದು 'ರಿಸರ್ಚ್ ಗ್ರೇಡ್' ಆಗುತ್ತದೆ. ಅಲ್ಲಿಂದ ಜಿಬಿಐಎಫ್ ಎಂಬ ಜಾಗತಿಕ ಜೀವವೈವಿಧ್ಯ ಭಂಡಾರಕ್ಕೆ ಹೋಗುತ್ತದೆ, ಸಂಶೋಧಕರು ಅಲ್ಲಿಂದ ಇಳಿಸಿಕೊಳ್ಳುತ್ತಾರೆ. ಒಂದು ಸಣ್ಣ ವಿಷಯ: ಸೆಟ್ಟಿಂಗ್ಸಿನಲ್ಲಿ ದಾಖಲೆಯ ಲೈಸೆನ್ಸನ್ನು 'ಎಲ್ಲ ಹಕ್ಕು ನನ್ನದೇ' ಅಂತ ಇಟ್ಟುಕೊಂಡರೆ ಅದು ಜಿಬಿಐಎಫ್‌ಗೆ ಹೋಗುವುದಿಲ್ಲ. ಮೊದಲೇ ಇರುವ, ಬೇರೆಯವರೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸನ್ನೇ ಇರಲು ಬಿಡಿ.

ಈ 'ಬೇರೆಯವರು' ಯಾರು? ಬಹುಪಾಲು ಮಂದಿ ನಮ್ಮ ಹಾಗೆಯೇ ಬಿಡುವಿನಲ್ಲಿ ಕೂತು ಮಾಡುವವರು. ಒಬ್ಬರಿಗೆ ಜೇಡದ ಹುಚ್ಚು, ಇನ್ನೊಬ್ಬರಿಗೆ ಹುಲ್ಲಿನದು. ಕೆಲ ಕಾಲ ನಾನೂ ಏರೋಪ್ಲೇನ್ ಚಿಟ್ಟೆಗಳ ಫೋಟೋಗಳಿಗೆ ಹೆಸರು ಹೇಳುತ್ತಾ ಕೂತೆ. ನಾನು ಫೋಟೋ ತೆಗೆಯುವ ರೀತಿ ಬದಲಾಗಿದ್ದೇ ಅಲ್ಲಿಂದ. ಎದುರಿನಿಂದ, ದೊಡ್ಡ ಕಣ್ಣು ಬಿಟ್ಟುಕೊಂಡು ನಗುತ್ತಿರುವಂತೆ ಕಾಣುವ ಫೋಟೋಗಳಿಗೆ ಲೆಕ್ಕವಿಲ್ಲ. ಪಕ್ಕೆಯ ಮೇಲಿನ ಪಟ್ಟೆ, ಬಾಲದ ತುದಿಯ ಕೊಂಡಿ, ಇವೆರಡು ಕಾಣದೆ ಎಷ್ಟೋ ಕಡೆ ಕುಲದ ಹೆಸರಿಗೇ ನಿಲ್ಲಿಸಬೇಕಾಗಿತ್ತು. ಈ ಕೆಲಸ ಶುರು ಮಾಡುವವರಿಗೆ ನಾನು ಹೇಳುವುದೂ ಇದನ್ನೇ: ಒಂದಷ್ಟು ದಿನ ಬೇರೆಯವರ ಫೋಟೋಗೆ ಹೆಸರು ಹುಡುಕಿ ನೋಡಿ. ಏನು ತೆಗೆಯಬೇಕು ಅನ್ನೋದು ತಾನಾಗಿಯೇ ಗೊತ್ತಾಗುತ್ತದೆ.

ಈಗ ನಾನು ಮಾಡುವುದು ಹೀಗೆ. ಏನಾದರೂ ಕಂಡ ತಕ್ಷಣ, ನಿಂತಲ್ಲೇ ಒಂದು ಫೋಟೋ. ಎಷ್ಟು ಚಿಕ್ಕದಾಗಿ ಬಂದರೂ ಸರಿ, ಹಾರಿಹೋದರೆ ಅದೊಂದಾದರೂ ಇರುತ್ತದಲ್ಲ. ಆಮೇಲೆ ಎರಡು ಹೆಜ್ಜೆ ಮುಂದೆ, ಇನ್ನೊಂದು. ಜೂಮ್ ಎಳೆಯುವುದಕ್ಕಿಂತ ಹತ್ತಿರ ಹೋಗುವುದು ಮೇಲು, ಏಕೆಂದರೆ ಫೋನಿನ ಲೆನ್ಸಿನ ಮಿತಿ ದಾಟಿದ ಮೇಲೆ ಜೂಮ್ ಅಂದರೆ ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವುದು, ಅಷ್ಟೆ. ಹಾವಿನ ವಿಷಯದಲ್ಲಿ ಮಾತ್ರ ಈ ಮಾತು ಸಲ್ಲದು. ಅದು ಎಷ್ಟು ದೂರದಲ್ಲಿ ಬಂದರೂ ಅಷ್ಟೇ ಸಾಕು.

ಕಡ್ಡಿಯ ತುದಿಯಲ್ಲಿ ಕೂತ ಸಣ್ಣ ಹುಳುವಿಗೆ ಫೋಕಸ್ ಸಿಗದೆ, ಹಿಂದಿನ ಹುಲ್ಲು ಮಾತ್ರ ಚೊಕ್ಕವಾಗಿ ಬರುವುದು ಎಲ್ಲರಿಗೂ ಗೊತ್ತಿರುವ ಕಾಟ. ಅದಕ್ಕೆ ಹುಳುವಿನ ಹಿಂದೆ ಮೆಲ್ಲಗೆ ಅಂಗೈ ಹಿಡಿಯುತ್ತೇನೆ. ಕ್ಯಾಮೆರಾಗೆ ಹಿಂದೆ ಓಡಲು ಜಾಗ ಇರುವುದಿಲ್ಲ, ಹುಳುವಿನ ಮೇಲೇ ನಿಲ್ಲುತ್ತದೆ. ಬೆರಳು ಕಾಣುವುದರಿಂದ ಹುಳು ಎಷ್ಟು ದೊಡ್ಡದು ಅಂತಲೂ ತಿಳಿಯುತ್ತದೆ.

ಇನ್ನು ಯಾವ ಜೀವಿಗೆ ಯಾವ ಭಾಗ? ಚಿಟ್ಟೆಯಾದರೆ ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡೂ. ಗಿಡದ್ದಾದರೆ ಹೂವೊಂದನ್ನೇ ತೆಗೆದು ಬರಬೇಡಿ. ಎಲೆಯ ಎರಡೂ ಬದಿ, ಎಲೆ ಕಡ್ಡಿಗೆ ಕೂಡುವ ಜಾಗ, ದೂರದಿಂದ ಇಡೀ ಗಿಡ, ಇವೂ ಬೇಕು. ಅಣಬೆಯಾದರೆ ಕೊಡೆಯ ಅಡಿಯನ್ನು ಯಾರೂ ತೆಗೆಯುವುದೇ ಇಲ್ಲ. ಗುರುತು ಇರುವುದೇ ಅಲ್ಲಿ! ನೆಲಕ್ಕೆ ಫೋನನ್ನು ತಾಗಿಸಿ, ಮುಂದಿನ ಕ್ಯಾಮೆರಾದಿಂದ ಮೇಲ್ಮುಖವಾಗಿ ತೆಗೆದರೆ ಅಣಬೆಯನ್ನು ಕೀಳದೆಯೇ ಕೆಲಸ ಆಗುತ್ತದೆ. ಇದನ್ನೆಲ್ಲ ಒಂದೇ ದಾಖಲೆಯಲ್ಲಿ ಸೇರಿಸಬೇಕು, ಆದರೆ ಒಂದು ದಾಖಲೆ ಅಂದರೆ ಒಂದೇ ಜೀವಿ. ಚಿಟ್ಟೆಯೂ ಹೂವೂ ಬೇಕಾದರೆ ಅದೇ ಫೋಟೋವನ್ನು ಎರಡು ಸಲ ಹಾಕಬಹುದು. ಹೆಜ್ಜೆ ಗುರುತು, ಉದುರಿದ ಗರಿ, ಹಾವಿನ ಪೊರೆ, ಹಿಕ್ಕೆ, ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಪ್ರಾಣಿ, ಎಲ್ಲವೂ ದಾಖಲೆಯೇ.

ಆ್ಯಪ್ ತಾನೇ ಹೆಸರು ಸೂಚಿಸುತ್ತದಲ್ಲ, ಅದನ್ನೇ ಒತ್ತಿದರಾಯಿತು ಅಂತ ಅನ್ನಿಸುತ್ತದೆ. ನಾನು ಅದನ್ನು ಸುಳಿವು ಅಂತ ಮಾತ್ರ ತೆಗೆದುಕೊಳ್ಳುತ್ತೇನೆ. ಒಮ್ಮೆ ಎಲೆಯ ಮೇಲೆ ಒಂದು ಇರುವೆ ಓಡಾಡುತ್ತಿತ್ತು. ಫೋಟೋ ಹಾಕಿದಾಗ ಸೂಚನೆಯಲ್ಲೂ ಇರುವೆಗಳೇ ಬಂದವು. ಆದರೆ ಅದು ಎಲೆಯಂಚಿನಿಂದ ಜಾರಿದಾಗ ಒಂದು ಎಳೆ ಬಿಟ್ಟುಕೊಂಡು ನೇತಾಡಿದ್ದನ್ನು ನಾನು ನೋಡಿದ್ದೆ. ಇರುವೆ ಎಳೆ ಬಿಡುವುದುಂಟೇ? ಫೋಟೋ ಹಿಗ್ಗಿಸಿ ಕಾಲು ಎಣಿಸಿದೆ. ಮುಂದೆ ಎತ್ತಿ ಆಡಿಸುತ್ತಿದ್ದ ಎರಡು ಮೀಸೆಗಳು ಮೀಸೆಗಳಲ್ಲ, ಮೊದಲ ಜೋಡಿ ಕಾಲುಗಳು. ಒಟ್ಟು ಎಂಟು. ಇರುವೆಯ ವೇಷದ ಜೇಡ ಅದು. 'ಎಳೆ ಬಿಟ್ಟು ಇಳಿಯಿತು' ಅಂತ ಟಿಪ್ಪಣಿ ಬರೆದು ಹಾಕಿದೆ. ಕಣ್ಣಿಗೆ ಕಂಡು ಫೋಟೋದಲ್ಲಿ ಸಿಗದ್ದು ಹೀಗೆ ಟಿಪ್ಪಣಿಯಲ್ಲಾದರೂ ಇರಬೇಕು.

ಚಿಟ್ಟೆಗಳಲ್ಲೂ ಇಂಥ ನಾಟಕ ಇದೆ. ಪ್ಲೇನ್ ಟೈಗರ್ ಚಿಟ್ಟೆ ಹಕ್ಕಿಗಳ ಬಾಯಿಗೆ ರುಚಿಸುವುದಿಲ್ಲ. ಡನೈಡ್ ಎಗ್‌ಫ್ಲೈ ಎಂಬ ಇನ್ನೊಂದರ ಹೆಣ್ಣು ಅದರದೇ ಬಣ್ಣ ಹೊದ್ದು ಬಚಾವಾಗುತ್ತದೆ. ವ್ಯತ್ಯಾಸ ಹಿಂದಿನ ರೆಕ್ಕೆಯಲ್ಲಿದೆ: ಪ್ಲೇನ್ ಟೈಗರಿಗೆ ನಡುವೆ ಮೂರೋ ನಾಲ್ಕೋ ಕಪ್ಪು ಚುಕ್ಕೆ, ಎಗ್‌ಫ್ಲೈಗೆ ಮೇಲಂಚಿನಲ್ಲಿ ಒಂದೇ ಒಂದು. ಆ ರೆಕ್ಕೆ ಕಾಣದಿದ್ದರೆ ನಾನು 'ಚಿಟ್ಟೆ' ಅಂತ ಬರೆದು ಸುಮ್ನಿರುತ್ತೇನೆ. ಮೇಲಿನ ಹಂತದ ಹೆಸರು ಕೊಟ್ಟರೆ ತಪ್ಪೇನಿಲ್ಲ, ಬಲ್ಲವರು ಹುಡುಕಿಕೊಂಡು ಬರುತ್ತಾರೆ. ತಜ್ಞರು ಹೆಸರು ಹೇಳಿದ ಕೂಡಲೇ ಧನ್ಯವಾದದ ಹಾಗೆ 'ಒಪ್ಪಿಗೆ' ಒತ್ತುವ ಅಭ್ಯಾಸ ಮಾತ್ರ ಒಳ್ಳೆಯದಲ್ಲ. ಹಾಗೆ ಒತ್ತಿದರೆ ಒಬ್ಬರ ಅಭಿಪ್ರಾಯ ಇಬ್ಬರದ್ದಾಗಿ, ಪರೀಕ್ಷೆಯೇ ಇಲ್ಲದೆ ರಿಸರ್ಚ್ ಗ್ರೇಡ್ ಆಗಿಬಿಡುತ್ತದೆ. ಯಾಕೆ ಅಂತ ಕೇಳಿ, ನನ್ನ ಕಣ್ಣಿಗೂ ಕಂಡರೆ ಮಾತ್ರ ಒತ್ತುತ್ತೇನೆ.

ಜಾಗದ ಬಗ್ಗೆ ಜನ ತಲೆಕೆಡಿಸಿಕೊಳ್ಳುವುದು ಕಡಿಮೆ. ಕ್ಯಾಮೆರಾದ ಲೊಕೇಶನ್ ಆನ್ ಇದೆಯೇ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ. ನೆಟ್‌ವರ್ಕ್ ಇಲ್ಲದ ಕಡೆಯೂ ಜಿಪಿಎಸ್ ಕೆಲಸ ಮಾಡುತ್ತದೆ, ಅದಕ್ಕೆ ಉಪಗ್ರಹದ ಸಂಕೇತ ಸಾಕು. ಆದರೆ ನೆಟ್‌ವರ್ಕಿನ ನೆರವಿಲ್ಲದಾಗ ಮೊದಲ ಸಲ ಜಾಗ ಹಿಡಿಯಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಆದ್ದರಿಂದ ನಡೆಯಲು ಶುರು ಮಾಡುವಾಗಲೇ ಮ್ಯಾಪ್ ತೆರೆದಿಡುತ್ತೇನೆ. ಗೆಳೆಯರು ವಾಟ್ಸಾಪಿನಲ್ಲಿ ಫೋಟೋ ಕಳಿಸಿ 'ಹಾಕಿಬಿಡಿ' ಅನ್ನುತ್ತಾರೆ. ಹಾಗೆ ಬಂದ ಫೋಟೋದಲ್ಲಿ ಜಾಗದ ಮಾಹಿತಿ ಅಳಿಸಿಹೋಗಿರುತ್ತದೆ, ಚಿತ್ರವೂ ಕುಗ್ಗಿರುತ್ತದೆ. ಅವರೇ ಖಾತೆ ತೆರೆದು ಹಾಕಲಿ ಅನ್ನುತ್ತೇನೆ. ಹಾಕುವುದು ನೋಡಿದವರ ಹೆಸರಿನಲ್ಲೇ ಆಗಬೇಕು ತಾನೆ?

ಜಾಗ ಹೇಳುವುದು ಮುಖ್ಯ, ಕೆಲವೊಮ್ಮೆ ಹೇಳದಿರುವುದೂ ಅಷ್ಟೇ ಮುಖ್ಯ. ಅಳಿವಿನಂಚಿನ ಪ್ರಭೇದಗಳಾದರೆ ಐನ್ಯಾಚುರಲಿಸ್ಟ್ ತಾನಾಗಿಯೇ ಜಾಗವನ್ನು ಮಸುಕು ಮಾಡುತ್ತದೆ. ಅಕ್ಷಾಂಶ, ರೇಖಾಂಶಗಳಲ್ಲಿ 0.2 ಡಿಗ್ರಿಯ ಒಂದು ಚೌಕದೊಳಗೆ ಎಲ್ಲೋ ಒಂದು ಬಿಂದು ತೋರಿಸುತ್ತದೆ. ಸಮಭಾಜಕದ ಬಳಿ ಇದು ಸುಮಾರು 22 ಕಿಲೋಮೀಟರ್ ಅಗಲ. ಮನೆಯಂಗಳದ ದಾಖಲೆಗಳಿಗೂ ನಾನು ಇದನ್ನೇ ಆರಿಸುತ್ತೇನೆ. ಆದರೆ ಫೋಟೋದ ಮೂಲೆಯಲ್ಲಿ ಊರಿನ ಬೋರ್ಡು ಕಾಣುತ್ತಿದ್ದರೆ ಮಸುಕು ಮಾಡಿಯೂ ದಂಡ. ಇನ್ನು ಗೂಡಿನಲ್ಲಿ ಮೊಟ್ಟೆಯೋ ಮರಿಯೋ ಇದ್ದರೆ ಹತ್ತಿರ ಹೋಗುವುದೇ ಇಲ್ಲ. ತಾಯಿಹಕ್ಕಿ ಕೂಗುತ್ತಾ ಸುತ್ತ ಹಾರಾಡಲು ಶುರು ಮಾಡಿದರೆ ನಾವು ಆಗಲೇ ಅತಿಯಾಗಿ ಒಳಗೆ ಬಂದಿದ್ದೇವೆ ಅಂತ ಅರ್ಥ.

ಇಬರ್ಡ್‌ಗೆ ಬರೋಣ. 2002ರಲ್ಲಿ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ ಸೇರಿ ಶುರು ಮಾಡಿದ ಇದರಲ್ಲಿ ಫೋಟೋ ಕಡ್ಡಾಯವಲ್ಲ, ಪಟ್ಟಿ ಮುಖ್ಯ. ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತು, ಎಷ್ಟು ದೂರ ನಡೆದಿರಿ, ಯಾವ ಹಕ್ಕಿ ಎಷ್ಟು. ಕೊನೆಗೆ ಒಂದು ಪ್ರಶ್ನೆ ಬರುತ್ತದೆ: ಗುರುತಿಸಲು ಸಾಧ್ಯವಾದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? ಇದಕ್ಕೆ ಹೌದು ಅನ್ನುವಂತೆ ಪಟ್ಟಿ ಮಾಡುವುದೇ ಇಲ್ಲಿನ ಮುಖ್ಯ ಕೆಲಸ. ಎಲ್ಲರೂ ಅಪರೂಪದ ಹಕ್ಕಿಯನ್ನಷ್ಟೇ ಬರೆದರೆ, ಲೆಕ್ಕದ ಪ್ರಕಾರ ಲೋಕದಲ್ಲಿ ಕಾಗೆಗಳೇ ಇಲ್ಲ ಅಂತ ಆಗುತ್ತದೆ! ಪೂರ್ಣ ಪಟ್ಟಿಯಲ್ಲಿ ಗುಬ್ಬಚ್ಚಿ ಇಲ್ಲ ಅಂದರೆ ಅಲ್ಲಿ ಆ ಹೊತ್ತಿನಲ್ಲಿ ಗುಬ್ಬಚ್ಚಿ ಕಣ್ಣಿಗೂ ಕಿವಿಗೂ ಬೀಳಲಿಲ್ಲ ಅಂತ ಹೇಳಬಹುದು. ಅಂಥ ಪಟ್ಟಿಗಳು ಸಾವಿರಗಟ್ಟಲೆ ಸೇರಿದಾಗ ಯಾವ ಹಕ್ಕಿ ಇಳಿಮುಖ ಅನ್ನೋದು ತಿಳಿಯುತ್ತದೆ. ಸಂಖ್ಯೆ ಖಚಿತವಿಲ್ಲದಿದ್ದರೆ ಅಂದಾಜು ಬರೆಯುತ್ತೇನೆ. ಸಂಖ್ಯೆಯ ಜಾಗದಲ್ಲಿ ಬರೀ 'ಎಕ್ಸ್' ಒತ್ತಿದರೆ ಒಂದೋ ನೂರೋ ಅಂತ ಗೊತ್ತಾಗುವುದಿಲ್ಲ. ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ತೋರಿಸಿದರೂ, ನಾನೇ ಕೇಳಿಯೋ ಕಂಡೋ ಖಾತರಿಯಾಗದೆ ಪಟ್ಟಿಗೆ ಸೇರಿಸುವುದಿಲ್ಲ.

ಸಾಮಾನ್ಯ ಜನರ ದಾಖಲೆ ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಕೇಳಿದವರಿಗೆ ನಾನು ಹಾರ್ಲೆಕ್ವಿನ್ ಎಂಬ ಲೇಡಿಬರ್ಡ್ ಹುಳುವಿನ ಉದಾಹರಣೆ ಕೊಡುತ್ತೇನೆ. ಏಷ್ಯಾ ಮೂಲದ ಈ ಹುಳು 2004ರಲ್ಲಿ ಇಂಗ್ಲೆಂಡಿನ ಎಸೆಕ್ಸಿನಲ್ಲಿ ಕಂಡಿತು. ಮುಂದೆ ಅದು ಎಲ್ಲೆಲ್ಲಿ ಹಬ್ಬಿತು ಅನ್ನುವ ನಕ್ಷೆ ಮೂಡಿದ್ದು ಬಹುಪಾಲು ಜನರು ಕಳಿಸಿದ ದಾಖಲೆಗಳಿಂದಲೇ.

ಫೋನಿನಲ್ಲಿ ಬಿದ್ದಿರುವ ಹಳೆಯ ಫೋಟೋಗಳನ್ನೂ ಹಾಕಬಹುದು. ಬಿಡುವಿದ್ದಾಗ ಕೂತು ಹಾಕುತ್ತೇನೆ. ಜಾಗ ಸುಮಾರಾಗಿ ಮಾತ್ರ ನೆನಪಿದ್ದರೆ ಮ್ಯಾಪಿನ ವೃತ್ತವನ್ನು ಅಷ್ಟೇ ದೊಡ್ಡದು ಮಾಡುತ್ತೇನೆ. ದಿನಾಂಕವೇ ಅನುಮಾನ ಅಂದರೆ ಆ ಫೋಟೋ ಗ್ಯಾಲರಿಯಲ್ಲೇ ಇರುತ್ತದೆ.