ಕಡಕ್‌ನಾಥ ಕೋಳಿ ಸಾಕಣೆ: ತತ್ತಿ ಪೆಟ್ಟಿಗೆಯನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗೆ

ಮಧ್ಯಪ್ರದೇಶದ ಝಾಬುವಾ ಮತ್ತು ಧಾರ್ ಜಿಲ್ಲೆಗಳ ಭಿಲ್, ಭಿಲಾಲಾ ಸಮುದಾಯದವರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕಡಕ್‌ನಾಥ ತಳಿಯು ಪುಕ್ಕದಿಂದ ಹಿಡಿದು ಚರ್ಮ, ಮಾಂಸ, ಎಲುಬಿನ ಮೇಲ್ಪೊರೆಯವರೆಗೂ ಕಪ್ಪಾಗಿರುತ್ತದೆ. ಮೆಲನಿನ್ ಎಂಬ ವರ್ಣದ್ರವ್ಯವು ದೇಹದ ಒಳ ಅಂಗಾಂಶಗಳಲ್ಲೂ ಶೇಖರವಾಗುವುದೇ ಇದಕ್ಕೆ ಕಾರಣ. ಝಾಬುವಾದ ಕಡಕ್‌ನಾಥ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಈಗ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಹೊಲದ ಮನೆಗಳಲ್ಲೂ ಅಲ್ಲಲ್ಲಿ ಈ ಕೋಳಿ ಕಾಣಸಿಗುತ್ತದೆ. ನಮ್ಮ ಬಿಸಿಲನ್ನು ಅದು ಫಾರಂ ಕೋಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ, ಮೇದು ತಿನ್ನುತ್ತದೆ, ಜವಾರಿ ಕೋಳಿಯಷ್ಟೇ ಚುರುಕಾಗಿರುತ್ತದೆ. ಆದರೆ ಹೇಂಟೆಯೊಂದು ವರ್ಷಕ್ಕೆ ಸುಮಾರು 80ರಿಂದ 100 ತತ್ತಿಗಳನ್ನಷ್ಟೇ ಇಡುತ್ತದೆ, ಮೇಲಾಗಿ ಕಾವಿಗೆ ಕೂರುವ ಗುಣ ಅದರಲ್ಲಿ ಬಹಳ ಕಡಿಮೆ. ಹೀಗಾಗಿ ಈ ತಳಿಯನ್ನು ಸಾಕುವವರು ಮೇವಿಗಿಂತ ಮೊದಲು ತತ್ತಿಯ ವ್ಯವಸ್ಥೆಯನ್ನು ಯೋಚಿಸಬೇಕು. ಬೇಲಿಯ ಮರೆಯಲ್ಲಿಟ್ಟು ಮುಂಗುಸಿಯ ಪಾಲಾಗುವ, ಕಾದ ತಗಡಿನ ಡಬ್ಬದಲ್ಲಿ ಕೆಟ್ಟುಹೋಗುವ, ಒಂದರ ಮೇಲೊಂದು ಬಿದ್ದು ಒಡೆಯುವ ಪ್ರತಿ ತತ್ತಿಯೂ ಒಂದು ಮರಿಯ ನಷ್ಟವೇ ಸರಿ.

ಕೊಳ್ಳುವಾಗ

ಮರಿಗಳನ್ನು ಸಂತೆಯಲ್ಲಿ ಕೊಳ್ಳುವುದಕ್ಕಿಂತ, ತಾಯಿ ಕೋಳಿ ಮತ್ತು ಹುಂಜಗಳನ್ನು ಕಣ್ಣಾರೆ ತೋರಿಸುವವರ ಬಳಿ ಕೊಳ್ಳುವುದು ಲೇಸು. ಕೊಕ್ಕನ್ನು ಬಿಡಿಸಿ ನಾಲಿಗೆಯನ್ನು ನೋಡಬೇಕು, ರೆಕ್ಕೆಯಡಿಯ ಪುಕ್ಕ ಸರಿಸಿ ಚರ್ಮವನ್ನು ನೋಡಬೇಕು, ಕಾಲು ಮತ್ತು ಉಗುರುಗಳನ್ನು ನೋಡಬೇಕು. ಇವೆಲ್ಲ ಬೂದು ಅಥವಾ ಕಪ್ಪು ಬಣ್ಣದಲ್ಲಿರಬೇಕು. ಜುಟ್ಟಿನಲ್ಲಿ ತುಸು ನೇರಳೆ ಛಾಯೆ ಇದ್ದರೆ ದೋಷವಲ್ಲ, ಆದರೆ ಕೆಂಪು ಜುಟ್ಟು ಮತ್ತು ಗುಲಾಬಿ ಚರ್ಮ ಇದ್ದರೆ ಅದು ಬೆರಕೆ. ತಳಿಯೊಳಗೇ ಅಚ್ಚ ಕಪ್ಪು, ಕುತ್ತಿಗೆಯಲ್ಲಿ ಬಿಳಿ ಗೆರೆಗಳುಳ್ಳದ್ದು, ಹೊನ್ನಿನ ಬಣ್ಣದ ಗರಿಗಳುಳ್ಳದ್ದು ಎಂಬ ಬಗೆಗಳಿರುವುದರಿಂದ ಗರಿಯ ಬಣ್ಣವೊಂದನ್ನೇ ನಂಬಿ ತೀರ್ಮಾನಿಸಲಾಗದು. ಕಡಕ್‌ನಾಥ ತತ್ತಿಯೂ ಕಪ್ಪಾಗಿರುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದೇ ಸರಿ, ಏಕೆಂದರೆ ಈ ತಳಿಯ ತತ್ತಿ ತಿಳಿ ಕಂದು ಬಣ್ಣದ್ದು.

ಪ್ರಾರಂಭಕ್ಕೆ ಎಂಟು ಹತ್ತು ಹೇಂಟೆಗಳು ಮತ್ತು ಒಂದು ಹುಂಜ ಸಾಕು. ಅದರ ಜೊತೆಗೆ ಎರಡು ಮೂರು ಒಳ್ಳೆಯ ಜವಾರಿ ಹೇಂಟೆಗಳನ್ನು ಕಾವಿಗೆಂದೇ ಇಟ್ಟುಕೊಳ್ಳಬೇಕು. ಕೊಕ್ಕರೆ ರೋಗ (ರಾಣಿಖೇತ್) ಮತ್ತು ಸಿಡುಬಿನ ಲಸಿಕೆಗಳನ್ನು ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ತಪ್ಪದೆ ಹಾಕಿಸಬೇಕು. ಕೊಕ್ಕರೆ ರೋಗದ ಮೊದಲ ಲಸಿಕೆಯನ್ನು ಮರಿಗೆ 5ರಿಂದ 7 ದಿನವಾಗುವಷ್ಟರಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿಯಾಗಿ ಹಾಕುತ್ತಾರೆ. ಜವಾರಿ ಕೋಳಿಗೆ ರೋಗ ಬರುವುದಿಲ್ಲ ಎಂಬ ಮಾತು ಊರೂರಲ್ಲಿ ಕೇಳಿಬರುತ್ತದೆ, ಆದರೆ ಕೊಕ್ಕರೆ ರೋಗ ಹೊಕ್ಕ ಕೇರಿಯಲ್ಲಿ ಯಾವ ತಳಿಯೂ ಉಳಿಯುವುದಿಲ್ಲ.

ತತ್ತಿ ಪೆಟ್ಟಿಗೆ

ಹೇಂಟೆಯು ತತ್ತಿ ಇಡಲು ಮೂರು ಸಂಗತಿಗಳನ್ನು ಹುಡುಕುತ್ತದೆ: ಮಬ್ಬುಗತ್ತಲೆ, ಮೂರು ಕಡೆ ಗೋಡೆ, ಕಾಲಡಿಯಲ್ಲಿ ಕೆದರಿ ಕುಳಿ ಮಾಡಿಕೊಳ್ಳಬಹುದಾದ ಮೆತ್ತನೆಯ ಹಾಸು. ಇವು ಇಲ್ಲದ ಪೆಟ್ಟಿಗೆ ಎಷ್ಟೇ ಅಂದವಾಗಿದ್ದರೂ ಅದು ಬಣವೆಯ ಸಂದಿಗೇ ಹೋಗುತ್ತದೆ. ಕಡಕ್‌ನಾಥ ಹೇಂಟೆ ಸುಮಾರು ಒಂದೂವರೆ ಕಿಲೋ ತೂಗುವ ಹಗುರ ಕೋಳಿಯಾದ್ದರಿಂದ ಒಂದು ಅಡಿ ಅಗಲ, ಒಂದು ಅಡಿ ಆಳದ ಮನೆ ಅದಕ್ಕೆ ಸಾಕಾಗುತ್ತದೆ. ಅದಕ್ಕಿಂತ ದೊಡ್ಡದು ಮಾಡಿದರೆ ಎರಡು ಕೋಳಿಗಳು ಒಟ್ಟಿಗೆ ನುಗ್ಗಿ ತತ್ತಿ ಒಡೆಯುತ್ತವೆ. ನಾಲ್ಕೈದು ಹೇಂಟೆಗಳಿಗೆ ಒಂದು ಮನೆಯ ಲೆಕ್ಕದಲ್ಲಿ, ಮೂರು ಮನೆಗಳ ಒಂದು ಸಾಲು 12ರಿಂದ 15 ಹೇಂಟೆಗಳಿಗೆ ಸಾಲುತ್ತದೆ.

ಈ ಸಾಲನ್ನು 8 ಅಡಿ ಉದ್ದ, 4 ಅಡಿ ಅಗಲ, 12 ಮಿ.ಮೀ. ದಪ್ಪದ ಒಂದೇ ಪ್ಲೈವುಡ್ ಹಾಳೆಯಲ್ಲಿ ಮಾಡಬಹುದು. ಬೇಕಾಗುವ ತುಂಡುಗಳು ಇಷ್ಟು: ಹಿಂಬದಿಗೆ 38 ಇಂಚು ಉದ್ದ 26 ಇಂಚು ಎತ್ತರದ್ದು ಒಂದು, ತಳಕ್ಕೆ 38 ಇಂಚು ಉದ್ದ 12 ಇಂಚು ಅಗಲದ್ದು ಒಂದು, ಮಾಡಿಗೆ 40 ಇಂಚು ಉದ್ದ 18 ಇಂಚು ಅಗಲದ್ದು ಒಂದು, ಮುಂದಿನ ತಡೆಪಟ್ಟಿಗೆ 38 ಇಂಚು ಉದ್ದ 4 ಇಂಚು ಅಗಲದ್ದು ಒಂದು, ಮತ್ತು ನಾಲ್ಕು ಅಡ್ಡಗೋಡೆಗಳು. ಅಡ್ಡಗೋಡೆಯ ಹಿಂಭಾಗ 26 ಇಂಚು, ಮುಂಭಾಗ 14 ಇಂಚು ಎತ್ತರವಿದ್ದು, ಮೇಲಂಚು ಓರೆಯಾಗಿರಬೇಕು. ಇದನ್ನು ಒಂದೊಂದಾಗಿ ಕತ್ತರಿಸಿದರೆ ಹಲಗೆ ದಂಡವಾಗುತ್ತದೆ. ಬದಲಿಗೆ 40 ಇಂಚು ಉದ್ದ, 12 ಇಂಚು ಅಗಲದ ಪಟ್ಟಿಯೊಂದನ್ನು ತೆಗೆದುಕೊಂಡು, ಎಡತುದಿಯಿಂದ ಮೇಲಂಚಿನಲ್ಲಿ 26 ಇಂಚಿಗೂ ಕೆಳಗಂಚಿನಲ್ಲಿ 14 ಇಂಚಿಗೂ ಗುರುತು ಹಾಕಿ, ಎರಡು ಗುರುತುಗಳನ್ನು ಸೇರಿಸುವ ಓರೆ ಗೆರೆಯ ಮೇಲೆ ಗರಗಸ ಹಾಯಿಸಿದರೆ ಒಂದೇ ಅಳತೆಯ ಎರಡು ಗೋಡೆಗಳು ದೊರೆಯುತ್ತವೆ. ಅಂತಹ ಎರಡು ಪಟ್ಟಿಗಳಿಂದ ನಾಲ್ಕು ಗೋಡೆಗಳಾಗುತ್ತವೆ.

ತಳದ ಮೇಲೆ ನಾಲ್ಕು ಗೋಡೆಗಳನ್ನು ನಡುನಡುವೆ 12 ಇಂಚು ಬಿಟ್ಟು ನಿಲ್ಲಿಸಿ, ಹಿಂಬದಿಯ ಹಲಗೆಯನ್ನು ಸೇರಿಸಿ, ಮುಂದೆ ತಡೆಪಟ್ಟಿಯನ್ನೂ ಮೇಲೆ ಮಾಡನ್ನೂ ಕೂರಿಸಬೇಕು. ಮಾಡು 45 ಡಿಗ್ರಿಯಷ್ಟು ಇಳಿಜಾರಾಗುವುದರಿಂದ ಕೋಳಿಗಳು ಅದರ ಮೇಲೆ ಕೂತು ಹಿಕ್ಕೆ ಹಾಕಲಾರವು. 4 ಇಂಚಿನ ತಡೆಪಟ್ಟಿಯು ಹಾಸನ್ನೂ ತತ್ತಿಯನ್ನೂ ಹೊರಗೆ ಉರುಳದಂತೆ ತಡೆಯುತ್ತದೆ. ಪೆಟ್ಟಿಗೆಯ ಬಾಯಿಯ ಮುಂದೆ ನಾಲ್ಕೈದು ಇಂಚು ದೂರದಲ್ಲಿ ಒಂದು ಅಡ್ಡಗೋಲನ್ನು ಕಟ್ಟಿದರೆ ಕೋಳಿ ಅದರ ಮೇಲೆ ಹಾರಿ ನಿಂತು ನಿಧಾನವಾಗಿ ಒಳಹೋಗುತ್ತದೆ, ನೇರವಾಗಿ ತತ್ತಿಗಳ ಮೇಲೆ ಧುಮುಕುವುದಿಲ್ಲ. ಮೊಳೆಯ ಬದಲು ಸ್ಕ್ರೂ ಬಳಸಬೇಕೆಂಬುದು ನನ್ನ ಆಗ್ರಹ. ನಮ್ಮ ಬೇಸಿಗೆಯ ಒಣ ಗಾಳಿಗೆ ಹಲಗೆ ಸೆಟೆದು ಮೊಳೆ ಸಡಿಲಾಗುತ್ತದೆ ಎಂಬುದು ಒಂದು ಕಾರಣ, ರಕ್ತ ಹೀರುವ ಉಣ್ಣೆಹುಳು ಬಿದ್ದಾಗ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ ಬಿಸಿಲಿಗೆ ಹಾಕಬಹುದು ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಪೆಟ್ಟಿಗೆಯನ್ನು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಬಾಗಿಲಿನ ಬೆಳಕು ನೇರವಾಗಿ ಬೀಳದ ಮೂಲೆಯಲ್ಲಿ, ಬೆನ್ನು ಗೋಡೆಗೆ ತಾಗುವಂತೆ ಇಡಬೇಕು. ಪಶ್ಚಿಮದ ಗೋಡೆ ಸಂಜೆಯ ಬಿಸಿಲಿಗೆ ಕಾಯುವುದರಿಂದ ಅದನ್ನು ಬಿಟ್ಟು ಉತ್ತರ ಅಥವಾ ಪೂರ್ವದ ಗೋಡೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಕೋಳಿಗಳು ರಾತ್ರಿ ಕೂರುವ ಗಳಗಳು ಪೆಟ್ಟಿಗೆಯ ಬಾಯಿಗಿಂತ ಎತ್ತರದಲ್ಲಿರಲೇಬೇಕು. ಕೋಳಿ ಯಾವಾಗಲೂ ಇದ್ದುದರಲ್ಲಿ ಎತ್ತರದ ಜಾಗದಲ್ಲಿ ಮಲಗಲು ಬಯಸುತ್ತದೆ. ಗಳ ತಗ್ಗಿನಲ್ಲಿದ್ದರೆ ಪೆಟ್ಟಿಗೆಯೇ ಮಲಗುವ ಮನೆಯಾಗಿ, ಬೆಳಗಾಗುವಷ್ಟರಲ್ಲಿ ಹಾಸೆಲ್ಲ ಹಿಕ್ಕೆಯಾಗಿರುತ್ತದೆ.

ಪ್ಲೈವುಡ್‌ಗೆ ಹಣ ಹಾಕುವುದು ಬೇಡವೆನ್ನುವವರು ಹಣ್ಣಿನ ಅಂಗಡಿಯ ಹಲಗೆ ಪೆಟ್ಟಿಗೆಗಳನ್ನು ಅಡ್ಡಲಾಗಿ ಜೋಡಿಸಿ, ಮುಂದೆ ತಡೆಪಟ್ಟಿ ಹೊಡೆದು ಬಳಸಬಹುದು. ಮೇದಾರರ ಬಿದಿರು ಬುಟ್ಟಿಯೂ ಆಗುತ್ತದೆ, ಆದರೆ ಹೆಣಿಗೆಯ ಸಂದಿಗಳಲ್ಲಿ ಹೇನು ಸೇರದಂತೆ ಅದನ್ನು ಸಗಣಿ ಮತ್ತು ಮಣ್ಣು ಕಲಸಿ ಒಳಗೂ ಹೊರಗೂ ಮೆತ್ತಿ ಒಣಗಿಸಬೇಕು. ಬಾಯಿ ಅಗಲವಾದ ಹಳೆಯ ಹರವಿಯನ್ನು ಅಡ್ಡ ಮಲಗಿಸಿ ಎರಡೂ ಬದಿಗೆ ಕಲ್ಲು ಕೊಟ್ಟರೆ ಬೇಸಿಗೆಗೆ ಅದರಷ್ಟು ತಂಪಾದ ಗೂಡು ಇನ್ನೊಂದಿಲ್ಲ. ಒಳ್ಳೆಣ್ಣೆಯ ತಗಡಿನ ಡಬ್ಬವನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಅದು ಇಕ್ಕಟ್ಟು, ಕತ್ತರಿಸಿದ ಅಂಚು ಕಾಲಿಗೆ ತಾಗುತ್ತದೆ, 40 ಡಿಗ್ರಿ ದಾಟುವ ಮಧ್ಯಾಹ್ನಗಳಲ್ಲಿ ಅದರೊಳಗೆ ಕೋಳಿ ನಿಲ್ಲಲಾರದು.

ಹಾಸಿಗೆ ಭತ್ತದ ಹೊಟ್ಟು ಉತ್ತಮ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ರೈಸ್ ಮಿಲ್‌ಗಳ ಕಡೆಯವರಿಗೆ ಅದು ಸುಲಭವಾಗಿ ಸಿಗುತ್ತದೆ. ಜರಡಿ ಹಿಡಿದು ದೂಳು ತೆಗೆದು, ಒಂದು ದಿನ ಬಿಸಿಲಿಗೆ ಹರವಿ, ಪೆಟ್ಟಿಗೆಯಲ್ಲಿ ಮೂರು ಇಂಚು ದಪ್ಪ ಹಾಕಬೇಕು. ನೆನೆದು ಬೂಷ್ಟು ಹಿಡಿದ ಹೊಟ್ಟು ಕೋಳಿಯ ಶ್ವಾಸಕೋಶಕ್ಕೆ ರೋಗ ತರುತ್ತದೆ. ಭತ್ತದ ಹುಲ್ಲು ಬಳಸುವುದಾದರೆ ನಾಲ್ಕು ಬೆರಳುದ್ದಕ್ಕೆ ಕತ್ತರಿಸಿ ಹಾಕಬೇಕು, ಉದ್ದದ ಹುಲ್ಲು ಕಾಲಿಗೆ ಸುತ್ತಿಕೊಳ್ಳುತ್ತದೆ. ಹಾಸಿನಡಿಯಲ್ಲಿ ಒಣ ಬೇವಿನ ಎಲೆಗಳನ್ನು ಹರಡಬಹುದು. ಹಾಗೆಂದು ಬೇವನ್ನೇ ನೆಚ್ಚಿಕೊಳ್ಳಬಾರದು: ರಕ್ತ ಹೀರುವ ಕೆಂಪು ಉಣ್ಣೆಗಳು ಹಗಲಿನಲ್ಲಿ ಹಲಗೆಯ ಸಂದಿಗಳಲ್ಲಿ ಅಡಗಿ ರಾತ್ರಿ ಹೊರಬರುವುದರಿಂದ, ಹದಿನೈದು ದಿನಕ್ಕೊಮ್ಮೆ ರಾತ್ರಿ ಬ್ಯಾಟರಿ ಹಿಡಿದು, ಬಿಳಿ ಬಟ್ಟೆಯಿಂದ ಸಂದಿಗಳನ್ನು ಒರೆಸಿ ನೋಡಬೇಕು. ಬಟ್ಟೆಯ ಮೇಲೆ ರಕ್ತದ ಕಲೆ ಕಂಡರೆ ಹಾಸನ್ನೆಲ್ಲ ಸುಟ್ಟು, ಪೆಟ್ಟಿಗೆಯನ್ನು ಬಿಚ್ಚಿ ಬಿಸಿಲಿಗಿಟ್ಟು, ಸಂದಿಗಳಿಗೆ ಸುಣ್ಣ ಬಳಿಯಬೇಕು. ಕೋಳಿಗಳು ಹೊರಳಾಡಲು ಅಂಗಳದ ಮೂಲೆಯಲ್ಲಿ ಒಲೆಯ ಬೂದಿ ಮತ್ತು ಒಣ ಮಣ್ಣಿನ ಗುಂಡಿಯೊಂದು ಇರಲಿ.

ಕಡಕ್‌ನಾಥ ಹೇಂಟೆ ಸುಮಾರು ಆರು ತಿಂಗಳಿಗೆ ತತ್ತಿಗೆ ಬರುತ್ತದೆ. ಅದಕ್ಕೆ ಎರಡು ಮೂರು ವಾರ ಮೊದಲೇ ಪೆಟ್ಟಿಗೆ ಇಟ್ಟು, ಪ್ರತಿ ಮನೆಯಲ್ಲಿ ಮರದ ತತ್ತಿಯನ್ನೋ ಸುಣ್ಣ ಬಳಿದ ನುಣ್ಣನೆಯ ಕಲ್ಲನ್ನೋ ಇಟ್ಟರೆ, ಇಲ್ಲಿ ತತ್ತಿ ಇಡಬಹುದು ಎಂಬುದು ಅದಕ್ಕೆ ತಿಳಿಯುತ್ತದೆ. ಮೊದಲ ತತ್ತಿಯನ್ನು ಎಲ್ಲಿಡುತ್ತದೆಯೋ ಅಲ್ಲೇ ಮುಂದುವರಿಸುವುದು ಕೋಳಿಯ ಸ್ವಭಾವ.

ತತ್ತಿ ಕೂಡಿಡುವುದು

ಹೆಚ್ಚಿನ ತತ್ತಿಗಳು ಬೆಳಗಿನಿಂದ ಮಧ್ಯಾಹ್ನದೊಳಗೆ ಬೀಳುತ್ತವೆ. ಚಳಿಗಾಲದಲ್ಲಿ ದಿನಕ್ಕೆ ಎರಡು ಸಲ, ಬೇಸಿಗೆಯಲ್ಲಿ ಮೂರು ಸಲ ತೆಗೆಯಬೇಕು. ಹುಂಜ ಕೂಡಿದ ತತ್ತಿಯೊಳಗಿನ ಜೀವವು ಕಾವಿಲ್ಲದೆಯೂ ಬೆಚ್ಚಗಿನ ಕೋಣೆಯಲ್ಲಿ ಅರ್ಧಂಬರ್ಧ ಬೆಳೆಯತೊಡಗಿ ಸಾಯುತ್ತದೆ, ಆದ್ದರಿಂದ ನಮ್ಮ ಬಿಸಿಲಿನಲ್ಲಿ ತತ್ತಿಯನ್ನು ಗೂಡಿನಲ್ಲೇ ಬಿಡುವುದು ಮರಿಯನ್ನು ಕಳೆದುಕೊಂಡಂತೆಯೇ. ಅಗಲವಾದ ಬುಟ್ಟಿಯಲ್ಲಿ ಹೊಳೆಯ ಮರಳು ತುಂಬಿ, ಅದರಲ್ಲಿ ಮಣ್ಣಿನ ಮಡಕೆಯನ್ನು ಅರ್ಧದವರೆಗೆ ಹೂತು, ಮರಳನ್ನು ದಿನವೂ ನೆನೆಸುತ್ತಿದ್ದರೆ ಮಡಕೆಯ ಒಳಗು ಕೋಣೆಗಿಂತ ಸಾಕಷ್ಟು ತಂಪಾಗಿರುತ್ತದೆ. ತತ್ತಿಗಳನ್ನು ಅಗಲವಾದ ತುದಿ ಮೇಲಾಗುವಂತೆ ಅದರಲ್ಲಿಟ್ಟು, ಒದ್ದೆ ಬಟ್ಟೆಯಿಂದ ಬಾಯಿ ಮುಚ್ಚಬೇಕು. ತೊಳೆಯಬಾರದು, ಚಿಪ್ಪಿನ ಮೇಲಿನ ತೆಳುಪೊರೆ ಹೋದರೆ ರೋಗಾಣುಗಳು ಒಳನುಗ್ಗುತ್ತವೆ. ಹಿಕ್ಕೆ ಅಂಟಿದ್ದರೆ ಒಣ ಬಟ್ಟೆಯಿಂದ ಒರೆಸಿದರಾಯಿತು. ಕಾವಿಗಿಡುವ ತತ್ತಿ ಒಂದು ವಾರಕ್ಕಿಂತ ಹಳೆಯದಾಗಬಾರದು, ಬೇಸಿಗೆಯಲ್ಲಿ ಮೂರು ನಾಲ್ಕು ದಿನ ಸಾಕು.

ಕಾವಿನ ಗೂಡು

ತತ್ತಿ ಇಡುವ ಪೆಟ್ಟಿಗೆಯಲ್ಲೇ ಕಾವಿಗೂ ಕೂಡಿಸಿದರೆ ಬೇರೆ ಹೇಂಟೆಗಳು ಬಂದು ತುಳಿದಾಡಿ, ಹೊಸ ತತ್ತಿ ಬೆರೆಸಿ ಕೆಡಿಸುತ್ತವೆ. ಆದುದರಿಂದ ಕಾವಿನ ಗೂಡು ಬೇರೆ ಕೋಣೆಯಲ್ಲಿ, ನೆಲದ ಮೇಲೆಯೇ ಇರಬೇಕು. ಒಂದೂಕಾಲು ಅಡಿ ಚೌಕದ, ತಳವಿಲ್ಲದ ಚೌಕಟ್ಟನ್ನಿಟ್ಟು, ಅದರಲ್ಲಿ ಮೂರು ನಾಲ್ಕು ಇಂಚು ಜರಡಿ ಹಿಡಿದ ಮಣ್ಣು ತುಂಬಿ, ನಡುವನ್ನು ಊಟದ ತಟ್ಟೆಯಂತೆ ತುಸು ತಗ್ಗಾಗಿಸಿ, ಮೇಲೆ ಹುಲ್ಲು ಹಾಸಬೇಕು. ಮಣ್ಣಿನ ಅಂಚಿಗೆ ಎರಡು ಮೂರು ದಿನಕ್ಕೊಮ್ಮೆ ನೀರು ಚಿಮುಕಿಸಿದರೆ ತತ್ತಿಗೆ ಬೇಕಾದ ತೇವ ಸಿಗುತ್ತದೆ. ನಮ್ಮ ಕಡೆಯ ಒಣ ಹವೆಯಲ್ಲಿ ಚಿಪ್ಪಿನೊಳಗಿನ ಪೊರೆ ಬಿಗಿದು, ಮರಿ ಒಡೆದು ಬರಲಾರದೆ ಸಾಯುವುದಕ್ಕೆ ಈ ತೇವದ ಕೊರತೆಯೇ ಹೆಚ್ಚಾಗಿ ಕಾರಣ.

ಜವಾರಿ ಹೇಂಟೆ ಗರಿ ಕೆದರಿ ಕುಕ್ಕುಗುಟ್ಟುತ್ತ ರಾತ್ರಿಯೂ ಗೂಡು ಬಿಡದೆ ಕೂತಾಗ, ಎರಡು ದಿನ ಮರದ ತತ್ತಿಗಳ ಮೇಲೆ ಕೂರಿಸಿ ಪರೀಕ್ಷಿಸಿ, ಮೂರನೆಯ ರಾತ್ರಿ ಕತ್ತಲಾದ ಮೇಲೆ ಕಡಕ್‌ನಾಥ ತತ್ತಿಗಳನ್ನು ಅಡಿಗಿಡಬೇಕು. 10ರಿಂದ 12 ತತ್ತಿ ಸರಿ, ಚಳಿಯಿದ್ದಾಗ ಎಂಟೊಂಬತ್ತು ಸಾಕು. ಕಾಳಗದ ಕೋಳಿ ತಳಿಯಾದ ಅಸೀಲ್‌ನ ಹೇಂಟೆಯೂ ಒಳ್ಳೆಯ ತಾಯಿ, ಮರಿಯ ಮೈಮೇಲೆ ಬಂದ ಬೆಕ್ಕನ್ನೂ ಅಟ್ಟುತ್ತದೆ. ಆದರೆ ಅದರ ಮೈ ಭಾರ, ತೆಳು ಚಿಪ್ಪಿನ ತತ್ತಿ ಒಡೆಯುವ ಸಂಭವವಿದೆ. ಕೂಡಿಸುವ ಮುನ್ನ ಹೇನಿಗೆ ಔಷಧ ಹಾಕಬೇಕು. ಕಾವಿನ ಕೋಳಿ ದಿನಕ್ಕೊಮ್ಮೆ ಕಾಲು ಗಂಟೆಯಷ್ಟು ಎದ್ದು ತಿಂದು, ಹಿಕ್ಕೆ ಹಾಕಿ ಮರಳುತ್ತದೆ, ಹಾಗಾಗಿ ಬಿಳಿಜೋಳ ಅಥವಾ ಸಜ್ಜೆ ಮತ್ತು ನೀರು ಸಮೀಪದಲ್ಲೇ ಇರಲಿ. ಏಳನೆಯ ರಾತ್ರಿ ಮೊಬೈಲ್ ಬೆಳಕಿಗೆ ತತ್ತಿ ಹಿಡಿದರೆ, ಜೀವವಿದ್ದುದರಲ್ಲಿ ಕಪ್ಪು ಚುಕ್ಕೆಯಿಂದ ಹೊರಟ ಕೆಂಪು ನರಗಳು ಕಾಣುತ್ತವೆ, ಬರಿದಾದದ್ದು ತಿಳಿಯಾಗಿರುತ್ತದೆ. ತಿಳಿಯಾದವನ್ನು ತೆಗೆದುಬಿಡಬೇಕು. 18ನೆಯ ದಿನದಿಂದ ಮುಟ್ಟಬಾರದು. 21ನೆಯ ದಿನದ ಹೊತ್ತಿಗೆ ಮರಿಗಳು ಒಡೆಯುತ್ತವೆ, ಮೈ ಒಣಗಿದ ಮೇಲೆ ಸಣ್ಣ ನುಚ್ಚು ಅಥವಾ ಮರಿ ಆಹಾರ ಮತ್ತು ಆಳವಿಲ್ಲದ ತಟ್ಟೆಯಲ್ಲಿ ನೀರು ಕೊಡಬಹುದು. ದಸರೆಯಿಂದ ಶಿವರಾತ್ರಿಯ ನಡುವೆ ಒಡೆದ ಮರಿಗಳು ಚೆನ್ನಾಗಿ ಉಳಿಯುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾವಿಗೆ ಕೂಡಿಸದಿರುವುದೇ ಮೇಲು.

ಓಣಿಯ ಜವಾರಿ ಹುಂಜ ಒಂದು ಸಲ ಒಳಹೊಕ್ಕು ಹೇಂಟೆಗಳನ್ನು ಕೂಡಿದರೂ ಅದರ ಬೀಜ ಹೇಂಟೆಯ ಮೈಯಲ್ಲಿ ಎರಡರಿಂದ ಮೂರು ವಾರ ಉಳಿಯುತ್ತದೆ. ಹಾಗಾದಾಗ ಆ ಹುಂಜವನ್ನು ಅಟ್ಟಿದ ಮೇಲೂ ಮೂರು ವಾರದವರೆಗಿನ ತತ್ತಿಗಳನ್ನು ಅಡುಗೆಗೆ ಬಳಸಿ, ನಂತರದವನ್ನಷ್ಟೇ ಕಾವಿಗೆ ಕೂಡಿಡಬೇಕು. ನಮ್ಮದೇ ಹುಂಜವನ್ನೂ ಅದರ ಮಗಳು ಹೇಂಟೆಗಳು ತತ್ತಿಗೆ ಬರುವ ಮುನ್ನ ಬೇರೊಬ್ಬ ಸಾಕಣೆದಾರರ ಸಂಬಂಧವಿಲ್ಲದ ಹುಂಜದೊಂದಿಗೆ ಬದಲಾಯಿಸಿಕೊಳ್ಳಬೇಕು, ಮತ್ತು ಬಂದ ಹುಂಜವನ್ನು ಹಿಂಡಿಗೆ ಬಿಡುವ ಮೊದಲು ಎರಡು ಮೂರು ವಾರ ಪ್ರತ್ಯೇಕವಾಗಿ ಕಟ್ಟಿ, ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.