ಊಟಿಯ ಸಸ್ಯೋದ್ಯಾನವನ್ನು ನೋಡುವ ಬಗೆ

ಊಟಿಯ ಸರ್ಕಾರಿ ಸಸ್ಯೋದ್ಯಾನಕ್ಕೆ ಹೋದವರಲ್ಲಿ ಅನೇಕರು ಕೆಳಗಿನ ಹುಲ್ಲುಹಾಸಿನ ಮೇಲೆ ಕುಳಿತು, ಒಂದೆರಡು ಚಿತ್ರ ತೆಗೆದುಕೊಂಡು ಹಿಂತಿರುಗುತ್ತಾರೆ. ದೊಡ್ಡಬೆಟ್ಟದ ಇಳಿಜಾರಿನಲ್ಲಿ ಸುಮಾರು 22 ಹೆಕ್ಟೇರ್‌ಗಳಷ್ಟು ಹರಡಿರುವ ಈ ತೋಟವನ್ನು ಹತ್ತಿಯೇ ನೋಡಬೇಕು. ಅದಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಿ.

ಸ್ವಂತ ವಾಹನದಲ್ಲಿ ಹೋಗುವವರು ಇ-ಪಾಸ್ (ನೀಲಗಿರಿಗೆ ವಾಹನ ಒಯ್ಯಲು ಆನ್‌ಲೈನ್‌ನಲ್ಲಿ ಪಡೆಯುವ ಅನುಮತಿ) ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ನೀಲಗಿರಿಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ನಿಷೇಧವಿರುವುದರಿಂದ ನೀರನ್ನು ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ. ಮೇ ತಿಂಗಳ ಫಲಪುಷ್ಪ ಪ್ರದರ್ಶನ ಸೊಗಸಾಗಿದ್ದರೂ ಆಗ ಜನಜಂಗುಳಿ ಹೆಚ್ಚು. ಗಿಡಮರಗಳನ್ನೇ ನೋಡಬೇಕೆನ್ನುವವರಿಗೆ ಬೇರೆ ತಿಂಗಳುಗಳೇ ಮೇಲು.

ಬಾಗಿಲು ತೆರೆಯುವ ಹೊತ್ತಿಗೇ ಒಳಹೊಕ್ಕು, ಹೂವಿನ ಮಡಿಗಳನ್ನು ಹಿಂತಿರುಗುವಾಗ ನೋಡಿದರಾಯಿತೆಂದು ಬಿಟ್ಟು, ನೇರವಾಗಿ ಮೇಲಕ್ಕೆ ನಡೆಯುವುದು ಉತ್ತಮವೆಂದು ನನ್ನ ಅಭಿಪ್ರಾಯ. ಮಧ್ಯಾಹ್ನ ಮಂಜು ಕವಿದರೆ ಮೇಲಿನ ನೋಟ ಸಿಗುವುದಿಲ್ಲ. ಸಮುದ್ರಮಟ್ಟದಿಂದ 2,200 ಮೀಟರ್‌ಗೂ ಎತ್ತರದ ಜಾಗವಾದ್ದರಿಂದ ಬಯಲುಸೀಮೆಯವರಿಗೆ ಏರುವಾಗ ಏದುಸಿರು ಬರುವುದು ಸಹಜ. ಅಲ್ಲಲ್ಲಿ ನಿಂತು ಸುಧಾರಿಸಿಕೊಳ್ಳಿ.

ಹಾಗೆ ನಿಲ್ಲುವಾಗ ಮರಗಳನ್ನು ಗಮನಿಸಿ. 1848ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದಿಂದ ಬಂದ ವಿಲಿಯಂ ಗ್ರಹಾಂ ಮೆಕ್‌ಐವರ್ ಈ ಇಳಿಜಾರಿಗೆ ತೋಟದ ರೂಪ ಕೊಟ್ಟರು. ದೂರದ ನಾಡುಗಳ ಮರಗಳೂ ಇಲ್ಲಿ ಬೇರೂರಿವೆ. ಬಾಟಲಿಯ ಬಿರಡೆಗೆ ತೊಗಟೆ ಒದಗಿಸುವ ಕಾರ್ಕ್ ಮರ ಇಲ್ಲಿದೆ. ಚಿಲಿ ದೇಶದ ಮಂಕಿ ಪಜಲ್ ಮರದ ಬಳಿ ಹೋಗಿ ಕೊಂಬೆಯೊಂದನ್ನು ನೋಡಿ: ದಪ್ಪನೆಯ, ತ್ರಿಕೋನಾಕಾರದ ಎಲೆಗಳು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೊದ್ದುಕೊಂಡಿದ್ದು, ಪ್ರತಿಯೊಂದರ ತುದಿಯೂ ಮುಳ್ಳಿನಷ್ಟು ಚೂಪಾಗಿದೆ. ಹಾಗಾಗಿಯೇ ಕೋತಿಯೂ ಹತ್ತಲಾರದ ಮರವೆಂದು ಇದು ಹೆಸರಾಗಿದೆ. ತೊಗಟೆಯ ಮೇಲೆ ಹೆಸರು ಕೆತ್ತುವುದು ಮರಕ್ಕೆ ಮಾಡುವ ಗಾಯ; ಮಕ್ಕಳಿಗೆ ಇದನ್ನು ಅಲ್ಲಿಯೇ ತಿಳಿಹೇಳಿ.

ತೋಟದ ಮೇಲ್ಭಾಗದಲ್ಲಿ ನೀಲಗಿರಿಯ ಬುಡಕಟ್ಟಿನವರಾದ ತೋಡರ ಮಂದ್, ಅಂದರೆ ಹಟ್ಟಿ, ಇದೆ. ಅದು ಪ್ರದರ್ಶನಕ್ಕಿಟ್ಟ ವಸ್ತುವಲ್ಲ, ಜನರ ವಾಸಸ್ಥಾನ. ಕೇಳದೆ ಯಾರ ಚಿತ್ರವನ್ನೂ ತೆಗೆಯಬಾರದು.

ಇಳಿಯುವಾಗ ಗಾಜಿನ ಮನೆ, ಇಟಾಲಿಯನ್ ತೋಟಗಳನ್ನು ಸಾವಕಾಶವಾಗಿ ನೋಡಬಹುದು. ಸುಮಾರು 2 ಕೋಟಿ ವರ್ಷಗಳಷ್ಟು ಹಳೆಯದೆನ್ನಲಾದ ಕಲ್ಲಾದ ಮರದ ಕಾಂಡವನ್ನು ಮಾತ್ರ ತಪ್ಪಿಸಬೇಡಿ.